ಆರು ಬಾರಿ ಆಪ್ತಸಮಾಲೋಚನೆಗೆ ಹೋಗಿದ್ದೆ, ಸೇನೆಯ ವೈದ್ಯಕೀಯ ಪರೀಕ್ಷೆಯಲ್ಲಿ ತೊಂದರೆಯಾಗುತ್ತದೆಯೇ?

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಆಗಿದೆ. ಸಿಡಿಎಸ್ (ಸೇನಾಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆ) ಬರೆದು ಚೆನ್ನೈನ ಒಟಿಎ (ಸೇನಾಧಿಕಾರಿಗಳ ತರಬೇತಿ ಅಕಾಡೆಮಿ) ಸೇರಬೇಕೆಂದು ತಯಾರಿ ನಡೆಸಿದ್ದೇನೆ. ದ್ವಿತೀಯ ಪಿಯುಸಿಯಲ್ಲಿದ್ದಾಗ ಅಪ್ಪ ಹಠಾತ್ತಾಗಿ ತೀರಿಕೊಂಡರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಕ್ಲಾಸಿನಲ್ಲಿ ಕೂತರೆ ಅಳು ಬರುತ್ತಿತ್ತು. ಕಾಲೇಜಿನ ಆಪ್ತಸಮಾಲೋಚಕರ ಬಳಿ ಎರಡೂವರೆ ತಿಂಗಳಲ್ಲಿ ಆರು ಸಲ ಹೋದೆ. ಅವರು ಒಮ್ಮೆ ಮನೋವೈದ್ಯರ ಹತ್ತಿರ ಕಳಿಸಿದರು. ಆ ಡಾಕ್ಟರ್ ಹತ್ತು ದಿನಕ್ಕೆ ಕ್ಲೋನಜೆಪಾಮ್ 0.25 ಮಿ.ಗ್ರಾಂ. ಮಾತ್ರೆ ಬರೆದುಕೊಟ್ಟರು. ಚೀಟಿಯಲ್ಲಿ ‘ಡಿಪ್ರೆಶನ್’ ಎಂದು ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ. ಮತ್ತೆ ಅವರ ಬಳಿ ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಈಗ ಕೋಚಿಂಗ್‌ನಲ್ಲಿ ಒಬ್ಬರು ‘ಬಾಯಿ ಬಿಡಬೇಡ, ಬಿಟ್ಟರೆ ಅಲ್ಲಿಗೇ ಮುಗಿಯಿತು’ ಎನ್ನುತ್ತಾರೆ. ಇನ್ನೊಬ್ಬರು ‘ಮುಚ್ಚಿಟ್ಟರೂ ಆಧಾರ್‌ನಲ್ಲಿ ಗೊತ್ತಾಗುತ್ತದೆ’ ಎನ್ನುತ್ತಾರೆ. ‘36 ತಿಂಗಳು ಕಳೆದರೆ ಸಾಕು’ ಎಂದು ಇಂಟರ್‌ನೆಟ್‌ನಲ್ಲಿ ಓದಿದೆ. ಅಮ್ಮ ಆ ಚೀಟಿಯನ್ನು ಹರಿದು ಹಾಕು ಎನ್ನುತ್ತಿದ್ದಾರೆ. ನಾನೇನು ಮಾಡಲಿ?

ಉತ್ತರ: ಮೊದಲು ಒಂದು ಕೆಲಸ, ಆ ಚೀಟಿಯನ್ನು ಹರಿಯಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಆರು ಸಲ ಸಮಾಲೋಚನೆಗೆ ಹೋದದ್ದೇ ಅನರ್ಹತೆಯೇ ಎಂಬುದು ಒಂದು. ಅದನ್ನು ಹೇಳಬೇಕೇ, ಮುಚ್ಚಿಡಬೇಕೇ ಎಂಬುದು ಇನ್ನೊಂದು. ಮೊದಲನೆಯದು ಸ್ಪಷ್ಟವಾಗದೆ ಎರಡನೆಯದಕ್ಕೆ ಕೈ ಹಾಕಿದವರೇ ಹೆಚ್ಚಾಗಿ ತೊಂದರೆಗೆ ಸಿಲುಕುತ್ತಾರೆ.

ಕೇಳಿದ ಮಾತುಗಳನ್ನು ಮೊದಲು ಸೋಸಿಬಿಡೋಣ. ಆಧಾರ್‌ನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಬೆರಳಚ್ಚು, ಕಣ್ಣಿನ ಪಾಪೆಯ ಗುರುತು ಇಂಥವು ಇರುತ್ತವೆ, ಚಿಕಿತ್ಸೆಯ ವಿವರ ಇರುವುದಿಲ್ಲ. ‘ಆಭಾ’ ಎಂಬ ಆರೋಗ್ಯ ಖಾತೆಯೇ ಬೇರೆ, ಅದರಲ್ಲಿರುವ ದಾಖಲೆ ಇನ್ನೊಬ್ಬರಿಗೆ ಹೋಗಬೇಕಾದರೆ ನಿಮ್ಮ ಒಪ್ಪಿಗೆ ಬೇಕು. ಇನ್ನು ಆ 36 ತಿಂಗಳು. ಅದು ಅಮೆರಿಕದ ರಕ್ಷಣಾ ಇಲಾಖೆಯ ವೈದ್ಯಕೀಯ ಮಾನದಂಡದ ಲೆಕ್ಕ. ಖಿನ್ನತೆ, ಆತಂಕದ ಕಾಯಿಲೆಗಳಿಗೆ ಸಮಾಲೋಚನೆಯೂ ಸೇರಿ ಒಟ್ಟು 12 ತಿಂಗಳಿಗಿಂತ ಹೆಚ್ಚು ಚಿಕಿತ್ಸೆ ಬೇಕಾಗಿದ್ದರೆ, ಅಥವಾ ಹಿಂದಿನ 36 ತಿಂಗಳಲ್ಲಿ ಲಕ್ಷಣ ಇಲ್ಲವೇ ಚಿಕಿತ್ಸೆ ಇದ್ದರೆ ಅಲ್ಲಿ ಅನರ್ಹತೆ, ಅದಕ್ಕೆ ವಿನಾಯಿತಿ ಕೋರುವ ದಾರಿಯೂ ಉಂಟು. ನಮ್ಮಲ್ಲಿ ಹಾಗೆ ತಿಂಗಳು ಎಣಿಸಿ ಬಾಗಿಲು ತೆರೆಯುವ ಸೂತ್ರವಿಲ್ಲ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತಂದುಕೊಂಡು ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ.

ಎಸ್‌ಎಸ್‌ಬಿಯ (ಲಿಖಿತ ಪರೀಕ್ಷೆಯ ನಂತರ ಅಭ್ಯರ್ಥಿಗಳನ್ನು ಆರಿಸುವ ಆಯ್ಕೆ ಮಂಡಳಿಯ) ಮನಶ್ಶಾಸ್ತ್ರಜ್ಞರು ನಿಮ್ಮ ಬರಹ ನೋಡಿ ‘ಈಕೆ ಕೌನ್ಸೆಲಿಂಗ್‌ಗೆ ಹೋದವಳು’ ಎಂದು ಪತ್ತೆ ಹಚ್ಚುತ್ತಾರೆ ಎಂಬ ಮಾತೂ ಓಡಾಡುತ್ತದೆ. ಅಲ್ಲಿ 12 ಚಿತ್ರಗಳಿಗೆ ಕಥೆ, 60 ಪದಗಳಿಗೆ ತಲಾ 15 ಸೆಕೆಂಡಿನಲ್ಲಿ ವಾಕ್ಯ, 60 ಸನ್ನಿವೇಶಗಳಿಗೆ 30 ನಿಮಿಷದಲ್ಲಿ ಪ್ರತಿಕ್ರಿಯೆ ಬರೆಸುತ್ತಾರೆ. ಅವು ಅಧಿಕಾರಿಗೆ ಬೇಕಾದ ಗುಣಗಳನ್ನು ಅಳೆಯುವ ಪರೀಕ್ಷೆಗಳು, ರೋಗ ಪತ್ತೆಯ ಸಾಧನಗಳಲ್ಲ. ಆರೋಗ್ಯದ ವಿಚಾರ ಬರುವುದು ಎಸ್‌ಎಸ್‌ಬಿ ನಿಮ್ಮನ್ನು ಶಿಫಾರಸು ಮಾಡಿದ ಮೇಲೆ, ಸೇನಾ ಆಸ್ಪತ್ರೆಯ ವಿಶೇಷ ವೈದ್ಯಕೀಯ ಮಂಡಳಿಯ ಮುಂದೆ.

ಈಗ ಮುಖ್ಯ ವಿಷಯ. ಆ ಮಂಡಳಿ ಏನು ಕೇಳುತ್ತದೆ? ಎಎಫ್‌ಎಂಎಸ್‌ಎಫ್-2 ಎಂಬ ನಮೂನೆಯಲ್ಲಿ ಅಭ್ಯರ್ಥಿಯೇ ತುಂಬಿ ಸಹಿ ಹಾಕಬೇಕಾದ ಒಂದು ಭಾಗವಿದೆ. ಕ್ಷಯ, ಆಸ್ತಮಾ, ಕಿವಿ ಸೋರುವುದು ಎಂಬ ಉದ್ದನೆಯ ಪಟ್ಟಿಯ ನಡುವೆ ‘ನರ್ವಸ್ ಬ್ರೇಕ್‌ಡೌನ್ ಅಥವಾ ಮಾನಸಿಕ ಕಾಯಿಲೆ’, ‘ಫಿಟ್ಸ್ ಅಥವಾ ಪ್ರಜ್ಞೆ ತಪ್ಪುವುದು’, ‘ತಲೆಗೆ ತೀವ್ರ ಪೆಟ್ಟು’ ಎಂಬ ಸಾಲುಗಳು ಬರುತ್ತವೆ. ಯಾವುದಾದರೂ ಕಾಯಿಲೆಗೆ ಆಸ್ಪತ್ರೆಗೆ ದಾಖಲಾಗಿದ್ದಿರಾ ಎಂದೂ, ಹತ್ತಿರದ ಸಂಬಂಧಿಕರಲ್ಲಿ ಮಾನಸಿಕ ಕಾಯಿಲೆ ಇತ್ತೇ ಎಂದೂ ಕೇಳುತ್ತಾರೆ. ಕೊನೆಗೆ, ಎಲ್ಲಕ್ಕೂ ಪೂರ್ಣವಾಗಿ ಉತ್ತರಿಸಿದ್ದೇನೆ ಎಂಬ ಘೋಷಣೆಯ ಕೆಳಗೆ ನಿಮ್ಮ ಸಹಿ. ‘ಆಪ್ತಸಮಾಲೋಚನೆ ಪಡೆದಿದ್ದೀರಾ’ ಎಂಬ ಸಾಲು ಆ ಪಟ್ಟಿಯಲ್ಲಿಲ್ಲ. ಪ್ರಶ್ನೆ ಇರುವುದು ಕಾಯಿಲೆಯ ಬಗ್ಗೆ. ನಿಮ್ಮ ಪ್ರಕರಣವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಹಾಗೆಂದು ನಿಯಮ ಮೃದುವಾಗಿದೆ ಎಂದುಕೊಳ್ಳಬೇಡಿ. ಯುಪಿಎಸ್‌ಸಿ ಅಧಿಸೂಚನೆಯ ಅನುಬಂಧಗಳನ್ನು ಓದಿ ನೋಡಿ. ವಾಯುಪಡೆಯ ಮಾನದಂಡವಂತೂ, ಮಾನಸಿಕ ಕಾಯಿಲೆಯ ಹಿನ್ನೆಲೆ ಇದ್ದವರನ್ನು ವಿವರವಾಗಿ ತನಿಖೆ ಮಾಡಿ ಮನೋವೈದ್ಯರಿಗೆ ಕಳಿಸಬೇಕು, ಅಂಥ ಪ್ರಕರಣಗಳನ್ನು ತಿರಸ್ಕರಿಸಬೇಕು ಎಂದೇ ಹೇಳುತ್ತದೆ. ಅಭ್ಯರ್ಥಿಗಳು ಈ ವಿಷಯವನ್ನು ತಾವಾಗಿ ಹೇಳುವುದು ಕಡಿಮೆ, ಆದ್ದರಿಂದ ನೇರವಾಗಿ ಕೇಳಿ ತಿಳಿಯಿರಿ ಎಂದು ವೈದ್ಯರಿಗೆ ಸೂಚನೆಯೂ ಇದೆ. ಮತ್ತೆ ಮತ್ತೆ ಕಾಡುವ ನಿದ್ರಾಹೀನತೆ, ದುಃಸ್ವಪ್ನ, ನಿದ್ದೆಯಲ್ಲಿ ನಡೆಯುವುದು, ಹಾಸಿಗೆಯಲ್ಲಿ ಮೂತ್ರ ಹೋಗುವುದು ಇವೂ ತಿರಸ್ಕಾರಕ್ಕೆ ಕಾರಣಗಳು. ಇಷ್ಟು ಬಿಗಿ ಯಾಕೆ? ನಿದ್ದೆಗೆಟ್ಟು, ಮನೆಯಿಂದ ದೂರ, ಕೈಯಲ್ಲಿ ಆಯುಧ ಹಿಡಿದು, ಹತ್ತಿರದಲ್ಲಿ ಮನೋವೈದ್ಯರಿಲ್ಲದ ಕಡೆ ತಿಂಗಳುಗಟ್ಟಲೆ ಇರಬೇಕಾದ ಕೆಲಸ ಇದು. ಒಮ್ಮೆ ಬಂದ ತೀವ್ರ ಖಿನ್ನತೆ ಮರುಕಳಿಸುವ ಸಾಧ್ಯತೆ, ಎಂದೂ ಬಾರದವರಿಗಿಂತ ಹೆಚ್ಚು. ಮಂಡಳಿ ತೂಗುವುದು ಆ ಅಪಾಯವನ್ನು. ಹಿಂದೆ ಅತ್ತಿದ್ದಕ್ಕೆ ಅದು ಯಾರಿಗೂ ದಂಡ ಹಾಕುವುದಿಲ್ಲ.

ಆದ್ದರಿಂದ ಎಷ್ಟು ಸಲ ಹೋದಿರಿ ಎಂಬುದಕ್ಕಿಂತ, ಯಾವುದಕ್ಕಾಗಿ ಹೋದಿರಿ, ಏನೆಂದು ನಿರ್ಣಯವಾಯಿತು, ಔಷಧ ಎಷ್ಟು ದಿನ ನಡೆಯಿತು, ಆ ದಿನಗಳಲ್ಲಿ ಓದು, ಊಟ, ಓಡಾಟ ನಡೆದಿತ್ತೇ, ಸಾಯುವ ಯೋಚನೆ ಬಂದಿತ್ತೇ, ಆಮೇಲೆ ಹೇಗಿದ್ದೀರಿ ಎಂಬುವೇ ತೂಕದ ಪ್ರಶ್ನೆಗಳು. ಪರೀಕ್ಷೆಯ ಭಯಕ್ಕೆ ಇಪ್ಪತ್ತು ಸಲ ಸಮಾಲೋಚನೆಗೆ ಹೋದವರಿಗಿಂತ, ಒಂದೇ ಸಲ ಹೋಗಿ ತೀವ್ರ ಖಿನ್ನತೆ ಎಂದು ನಿರ್ಣಯವಾಗಿ ಎಂಟು ತಿಂಗಳು ಮಾತ್ರೆ ನುಂಗಿದವರ ಪ್ರಕರಣ ಹೆಚ್ಚು ಕಷ್ಟದ್ದು.

ಮನೋವೈದ್ಯರು ಬಳಸುವ ಐಸಿಡಿ-10 ಎಂಬ ಅಂತಾರಾಷ್ಟ್ರೀಯ ಕಾಯಿಲೆಗಳ ಪಟ್ಟಿಯಲ್ಲಿ ಈ ಭೇದ ಸ್ಪಷ್ಟವಾಗಿದೆ. ಮನೆಯವರ ಸಾವಿನಿಂದಾದ ಸಂಕಟಕ್ಕೆ ಝಡ್63.4 ಎಂಬ ಸಂಕೇತ, ಓದಿನ ತೊಂದರೆಗಳಿಗೆ ಝಡ್55. ಈ ‘ಝಡ್’ ಗುಂಪಿನವು ಕಾಯಿಲೆಗಳಲ್ಲ, ವೈದ್ಯರ ಬಳಿ ಹೋಗಲು ಕಾರಣವಾದ ಸನ್ನಿವೇಶಗಳು. ಹೊಂದಾಣಿಕೆಯ ತೊಂದರೆಗೆ ಎಫ್43.2. ಇದು ಕಾಯಿಲೆಗಳ ಗುಂಪಿಗೇ ಸೇರಿದರೂ ಒಂದು ಆಘಾತದ ಬೆನ್ನಿಗೆ ತಿಂಗಳೊಳಗೆ ಶುರುವಾಗಿ ಸಾಮಾನ್ಯವಾಗಿ ಆರು ತಿಂಗಳು ಮೀರುವುದಿಲ್ಲ. ಖಿನ್ನತೆಯ ಕಾಯಿಲೆಗೆ ಎಫ್32, ಅದಕ್ಕೆ ಕನಿಷ್ಠ ಎರಡು ವಾರ ಹೆಚ್ಚುಕಡಿಮೆ ಇಡೀ ದಿನ ಕುಗ್ಗಿದ ಮನಸ್ಸು, ಆಸಕ್ತಿ ಹೋಗುವುದು, ಸುಸ್ತು ಇವೆಲ್ಲ ಕೂಡಿರಬೇಕು. ತಂದೆ ತೀರಿಕೊಂಡ ಹದಿನೇಳರ ಹುಡುಗಿ ಕೆಲವು ವಾರ ಅಳುವುದೂ ನಿದ್ದೆಗೆಡುವುದೂ ಶೋಕದ ಸಹಜ ರೂಪ. ಹೊಸ ಐಸಿಡಿ-11 ಕೂಡ, ತೀವ್ರ ಶೋಕ ಆರು ತಿಂಗಳು ಮೀರಿ ಬದುಕನ್ನೇ ಹಿಡಿದು ನಿಲ್ಲಿಸಿದರೆ ಮಾತ್ರ ಅದನ್ನು ಕಾಯಿಲೆಯೆಂದು ಎಣಿಸುತ್ತದೆ.

ಹಾಗಾದರೆ ನಿಮ್ಮ ಚೀಟಿಯಲ್ಲಿ ‘ಡಿಪ್ರೆಶನ್’ ಎಂದು ಯಾಕೆ ಬಂತು? ಪಕ್ಕದ ಪ್ರಶ್ನಾರ್ಥಕ ಚಿಹ್ನೆಯನ್ನು ಗಮನಿಸಿ. ಮೊದಲ ಭೇಟಿಯಲ್ಲಿ, ಹತ್ತು ಹದಿನೈದು ನಿಮಿಷದಲ್ಲಿ ನಿರ್ಣಯ ಪಕ್ಕಾ ಆಗುವುದಿಲ್ಲ. ‘ಇದು ಇರಬಹುದೇ ಎಂದು ಮುಂದಿನ ಸಲ ನೋಡಬೇಕು’ ಎಂಬುದಕ್ಕೆ ವೈದ್ಯರು ಹಾಕಿಕೊಳ್ಳುವ ಗುರುತು ಅದು. ನೀವು ಮತ್ತೆ ಹೋಗದ ಕಾರಣ ಅದು ಹಾಗೇ ಉಳಿಯಿತು. ಎಷ್ಟೋ ಒಳ್ಳೆಯ ಅಭ್ಯರ್ಥಿಗಳ ದಾರಿಗೆ ಅಡ್ಡ ಬರುವುದು ಇಂಥ ಅರ್ಧಕ್ಕೆ ನಿಂತ ಚೀಟಿಯೇ. ಮಂಡಳಿಯ ವೈದ್ಯರ ಕಣ್ಣಿಗೆ ಅದು ಬಗೆಹರಿಯದ ಪ್ರಶ್ನೆ, ಬಗೆಹರಿಯದ ಪ್ರಶ್ನೆಯನ್ನು ಅವರು ಅಭ್ಯರ್ಥಿಯ ಪರವಾಗಿ ಊಹಿಸಿಕೊಳ್ಳಬೇಕಾಗಿಲ್ಲ. ಚೀಟಿ ಹರಿದರೆ ಪ್ರಶ್ನೆ ಹೋಗುವುದಿಲ್ಲ, ಉತ್ತರ ಬರೆಸಿಕೊಳ್ಳುವ ದಾರಿ ಮಾತ್ರ ಮುಚ್ಚುತ್ತದೆ.

ಆದ್ದರಿಂದ ಎಸ್‌ಎಸ್‌ಬಿ ದಿನಾಂಕ ಬರುವ ಮೊದಲೇ ಅದೇ ಮನೋವೈದ್ಯರ ಬಳಿ ಆ ಚೀಟಿಯೊಂದಿಗೆ ಹೋಗಿ. ಅವರು ಸಿಗದಿದ್ದರೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ‘ಸೇನೆಗೆ ಫಿಟ್ ಎಂದು ಬರೆದುಕೊಡಿ’ ಎನ್ನಬೇಡಿ. ಫಿಟ್ ಎನ್ನುವ ಅಧಿಕಾರ ಮಂಡಳಿಗೆ ಮಾತ್ರ, ಹೊರಗಿನ ಸರ್ಟಿಫಿಕೇಟಿಗೆ ಅದು ಬದ್ಧವಲ್ಲ, ಅಂಥ ಕಾಗದ ನೋಡಿದರೆ ಅನುಮಾನವೇ ಹೆಚ್ಚುತ್ತದೆ. ‘ಅಂದು ಬರೆದ ತಾತ್ಕಾಲಿಕ ನಿರ್ಣಯ ಖಚಿತವಾಯಿತೇ ಇಲ್ಲವೇ, ಈಗ ಪರೀಕ್ಷಿಸಿ ಬರೆದುಕೊಡಿ’ ಎಂದು ಕೇಳಿ. ವೈದ್ಯರು ಹಳೆಯ ದಾಖಲೆಯನ್ನು ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಆದರೆ ಇಂದಿನ ದಿನಾಂಕ ಹಾಕಿ ಹೊಸ ಟಿಪ್ಪಣಿ ಸೇರಿಸಬಹುದು, ಅದು ಪೂರ್ತಿ ಸರಿಯಾದ ಕ್ರಮ. ಪರೀಕ್ಷಿಸಿದ ಮೇಲೆ ‘ಹೌದು, ಅಂದು ಖಿನ್ನತೆಯ ಕಾಯಿಲೆಯೇ ಇತ್ತು’ ಎಂದು ಅವರಿಗೆ ಅನ್ನಿಸುವ ಸಾಧ್ಯತೆಯೂ ಇದೆ. ಆ ಅಪಾಯವನ್ನು ಒಪ್ಪಿಕೊಂಡೇ ಹೋಗಬೇಕು.

ಆ ಪತ್ರ ಒಂದೇ ಪುಟದಲ್ಲಿರಲಿ. ಸಮಾಲೋಚನೆಗೆ ಮೊದಲ ಸಲ ಹೋದ ದಿನ, ಕೊನೆಯ ಸಲ ಹೋದ ದಿನ, ಒಟ್ಟು ಭೇಟಿ, ಕಾರಣ, ಔಷಧದ ಹೆಸರು, ಪ್ರಮಾಣ, ಶುರುವಾದ ಮತ್ತು ನಿಂತ ದಿನಾಂಕ, ನಿರ್ಣಯ ಅಥವಾ ನಿರ್ಣಯದ ಮಾನದಂಡಕ್ಕೆ ತಲುಪಲಿಲ್ಲ ಎಂಬ ಮಾತು, ಸ್ವಂತ ಹಾನಿಯ ಯೋಚನೆ ಅಥವಾ ಯತ್ನ ಇತ್ತೇ ಎಂಬುದು, ಆ ಅವಧಿಯಲ್ಲಿ ಕಾಲೇಜಿಗೆ ಹೋಗಿ ಪರೀಕ್ಷೆ ಬರೆದಿದ್ದು, ನಂತರ ಚಿಕಿತ್ಸೆ ಬೇಕಾಗದೇ ಇದ್ದುದು, ಈಗಿನ ಪರೀಕ್ಷೆಯ ಫಲ ಇಷ್ಟು ಬರಬೇಕು. ಕೆಳಗೆ ವೈದ್ಯರ ಹೆಸರು, ಪದವಿ, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಸಹಿ, ಮೊಹರು. ಕಾಲೇಜಿನ ಆಪ್ತಸಮಾಲೋಚಕರಿಂದಲೂ ಭೇಟಿಗಳ ದಿನಾಂಕ, ಕಾರಣ ಇರುವ ಚಿಕ್ಕ ಪತ್ರ ತೆಗೆದುಕೊಳ್ಳಿ. ನೀವು ಒಳಗೆ ಕೂತು ಹೇಳಿಕೊಂಡ ಮನೆಯ ಮಾತುಗಳು ಅದರಲ್ಲಿ ಬೇಡ. ಎರಡೂ ಪತ್ರಗಳ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಆರು ಭೇಟಿ, ಇನ್ನೊಂದರಲ್ಲಿ ‘ಸುಮಾರು ಎರಡು ಭೇಟಿ’ ಎಂದಿದ್ದರೆ ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದೇ ಓದಿಸಿಕೊಳ್ಳುತ್ತದೆ.

ದಾಖಲೆ ಕೇಳಲು ನಿಮಗೆ ಹಕ್ಕಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ 25ನೇ ಕಲಂ ತನ್ನ ಮೂಲಭೂತ ವೈದ್ಯಕೀಯ ದಾಖಲೆ ಪಡೆಯುವ ಹಕ್ಕನ್ನೂ 23ನೇ ಕಲಂ ಗೋಪ್ಯತೆಯ ಹಕ್ಕನ್ನೂ ಕೊಡುತ್ತದೆ. ವೈದ್ಯರ ವೃತ್ತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನೀವು ಹೊರರೋಗಿಯಾಗಿ ಒಂದೇ ಸಲ ಹೋದವರು, ಕ್ಲಿನಿಕ್‌ನಲ್ಲಿ ಅದರ ಪ್ರತಿ ಉಳಿದಿರಲೇಬೇಕೆಂದಿಲ್ಲ. ನಿಮ್ಮ ಕೈಯಲ್ಲಿರುವ ಚೀಟಿಗೆ ಅದಕ್ಕೇ ಇಷ್ಟು ಬೆಲೆ.

ಅದೇ ಕಾಯ್ದೆಯ 3ನೇ ಕಲಂ, ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬುದೊಂದರಿಂದಲೇ ಈಗಲೂ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸಬಾರದು ಎನ್ನುತ್ತದೆ. ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆ ಎಂದರೆ ಯೋಚನೆ, ಭಾವ, ಗ್ರಹಿಕೆ, ನೆನಪು ಇಂಥವುಗಳಲ್ಲಿ ಗಣನೀಯ ಏರುಪೇರಾಗಿ ವಿವೇಚನೆಯೋ ನಿತ್ಯದ ಬದುಕೋ ತೀವ್ರವಾಗಿ ಕೆಡುವುದು. ನಿಮ್ಮ ಮನಸ್ಸಿನ ಸಮಾಧಾನಕ್ಕೆ ಇದು ಸಹಾಯವಾಗಬಹುದು. ಆದರೆ ಮಂಡಳಿಯ ಮುಂದೆ ಈ ಕಲಮುಗಳನ್ನು ವಾದಕ್ಕೆ ತರಬೇಡಿ. ಅವರು ನೋಡುವುದು ಸೇನೆಯ ಪ್ರವೇಶ ಮಾನದಂಡವನ್ನು, ಅದು ಬೇರೆಯೇ ಅಳತೆ.

ಈಗ ನಮೂನೆಯ ಆ ಸಾಲಿಗೆ ಏನು ಬರೆಯಬೇಕು? ವೈದ್ಯರ ಪತ್ರ ‘ಮಾನಸಿಕ ಕಾಯಿಲೆಯ ನಿರ್ಣಯವಿಲ್ಲ, ಶೋಕದ ಸಹಜ ಪ್ರತಿಕ್ರಿಯೆ’ ಎಂದರೆ, ‘ಮಾನಸಿಕ ಕಾಯಿಲೆ ಇತ್ತೇ’ ಎಂಬುದಕ್ಕೆ ‘ಇಲ್ಲ’ ಎನ್ನುವುದು ನಿಜವಾದ ಉತ್ತರ, ಅದರಲ್ಲಿ ಮುಚ್ಚುಮರೆಯಿಲ್ಲ. ಹೊಂದಾಣಿಕೆಯ ತೊಂದರೆ ಎಂದೋ ಖಿನ್ನತೆ ಎಂದೋ ಖಚಿತವಾಗಿ ಬರೆದರೆ ‘ಹೌದು’ ಎಂದು ಬರೆದು ವಿವರ ಕೊಡಬೇಕು. ಯಾವ ಸಂದರ್ಭದಲ್ಲೂ ಪರೀಕ್ಷಿಸುವ ವೈದ್ಯರು ‘ಮನೋವೈದ್ಯರ ಬಳಿ ಹೋಗಿದ್ದಿರಾ, ನಿದ್ದೆ ಮಾತ್ರೆ ತೆಗೆದುಕೊಂಡಿದ್ದಿರಾ’ ಎಂದು ನೇರವಾಗಿ ಕೇಳಿದರೆ ಇದ್ದದ್ದನ್ನು ಎರಡು ಮೂರು ವಾಕ್ಯದಲ್ಲಿ ಹೇಳಿಬಿಡಿ: ‘ದ್ವಿತೀಯ ಪಿಯುಸಿಯಲ್ಲಿ ತಂದೆ ತೀರಿಕೊಂಡರು. ಕಾಲೇಜಿನ ಆಪ್ತಸಮಾಲೋಚಕರನ್ನು ಆರು ಸಲ ಭೇಟಿಯಾದೆ, ಹತ್ತು ದಿನ ಕ್ಲೋನಜೆಪಾಮ್ ತೆಗೆದುಕೊಂಡೆ. ಆಮೇಲೆ ಏನೂ ಬೇಕಾಗಲಿಲ್ಲ, ಪತ್ರ ಇಲ್ಲಿದೆ.’ ಅಲ್ಲಿಗೆ ನಿಲ್ಲಿಸಿ. ಹೆದರಿ ಅರ್ಧ ಗಂಟೆ ವಿವರಿಸುವುದೂ ಇಡೀ ಫೈಲನ್ನು ಮೇಜಿನ ಮೇಲೆ ಸುರಿಯುವುದೂ ಇಲ್ಲದ ಅನುಮಾನ ಹುಟ್ಟಿಸುತ್ತವೆ. ವೈದ್ಯರು ಮನೋವೈದ್ಯ ತಜ್ಞರ ಅಭಿಪ್ರಾಯಕ್ಕೆ ಕಳಿಸಬಹುದು. ಕಳಿಸಿದರು ಎಂದರೆ ತಿರಸ್ಕರಿಸಿದರು ಎಂದಲ್ಲ.

ಮುಚ್ಚಿಟ್ಟರೆ? ತಕ್ಷಣಕ್ಕೆ ಯಾರಿಗೂ ತಿಳಿಯದೇ ಹೋಗಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಅಪಾಯ ಪರೀಕ್ಷೆಯ ದಿನಕ್ಕೆ ಮುಗಿಯದೆ ಸೇವೆಯುದ್ದಕ್ಕೂ ಜೊತೆಗೆ ಬರುತ್ತದೆ. ಸುಳ್ಳು ಘೋಷಣೆ ಬಯಲಾದರೆ ತರಬೇತಿಯಿಂದಲೇ ವಾಪಸ್ ಕಳಿಸಬಹುದು. ಸೈನಿಕರಾಗಿ ಭರ್ತಿಯಾಗುವವರ ವಿಷಯದಲ್ಲಿ, ನೇಮಕಾತಿ ನಮೂನೆಯಲ್ಲಿ ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದಕ್ಕೆ 1950ರ ಸೇನಾ ಕಾಯ್ದೆಯ 44ನೇ ಕಲಂ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಇನ್ನೊಂದು ನಷ್ಟ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸೇರುವಾಗ ದಾಖಲೆಯಲ್ಲಿಲ್ಲದ ಕಾಯಿಲೆ ಸೇವೆಯಲ್ಲಿ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಿ ಅಂಗವೈಕಲ್ಯ ಪಿಂಚಣಿ ಪರಿಗಣಿಸಬೇಕು ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಹಳೆಯ ಕಾಯಿಲೆಯನ್ನು ಮುಚ್ಚಿಟ್ಟದ್ದು ಹೊರಬಿದ್ದರೆ ಆ ರಕ್ಷಣೆ ಕೈಬಿಟ್ಟು ಹೋಗುವ ಅಪಾಯವಿದೆ, ಅದೂ ಅದರ ಅಗತ್ಯ ಅತ್ಯಂತ ಹೆಚ್ಚಿರುವ ಹೊತ್ತಿನಲ್ಲಿ.

ಮಂಡಳಿ ಅನರ್ಹ ಎಂದರೂ ಅದೇ ಕೊನೆಯಲ್ಲ. ಮೇಲ್ಮನವಿ ವೈದ್ಯಕೀಯ ಮಂಡಳಿಗೆ ಹೋಗಬಹುದು, ಕ್ರಮವನ್ನೂ ಗಡುವನ್ನೂ ಮಂಡಳಿಯ ಅಧ್ಯಕ್ಷರೇ ಅಲ್ಲೇ ತಿಳಿಸುತ್ತಾರೆ, ಬರೆದುಕೊಳ್ಳಿ. ಅದರ ಮೇಲೆ ಮರುಪರಿಶೀಲನಾ ಮಂಡಳಿ ಇದೆ, ಆದರೆ ಅದನ್ನು ಹಕ್ಕೆಂದು ಕೇಳುವಂತಿಲ್ಲ, ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗಳ ಮಹಾನಿರ್ದೇಶಕರ ವಿವೇಚನೆಗೆ ಬಿಟ್ಟದ್ದು. ಈ ಹಂತಗಳಲ್ಲಿ ಆ ಒಂದು ಪುಟದ ಪತ್ರವೇ ನಿಮ್ಮ ಮುಖ್ಯ ಆಧಾರ. ಮೇಲ್ಮನವಿಯ ಗಡುವಿನೊಳಗೆ ಹಳೆಯ ವೈದ್ಯರನ್ನು ಹುಡುಕಿಕೊಂಡು ಓಡುವುದು ಬಹಳ ಕಷ್ಟ, ಅದಕ್ಕೇ ಈಗಲೇ ಮಾಡಿ ಎನ್ನುತ್ತಿರುವುದು.

ನಿಮಗೆ ಅನ್ವಯಿಸದಿದ್ದರೂ, ಇದನ್ನು ಓದುವ ಬೇರೆಯವರಿಗಾಗಿ ಒಂದು ಎಚ್ಚರಿಕೆ. ಈಗ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮೆಡಿಕಲ್ ಹತ್ತಿರ ಬಂತೆಂದು ತಾವಾಗಿ ನಿಲ್ಲಿಸಬೇಡಿ. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಖಿನ್ನತೆಯ ಔಷಧಗಳನ್ನು ಥಟ್ಟನೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಶುರುವಾಗಬಹುದು, ಹಳೆಯ ಕಾಯಿಲೆಯೂ ಮರಳಬಹುದು. ತಿಂಗಳುಗಟ್ಟಲೆ ನುಂಗಿದ ಕ್ಲೋನಜೆಪಾಮ್ ಅನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಫಿಟ್ಸ್ ಬಂದ ಇತಿಹಾಸ ಸ್ವತಃ ದೊಡ್ಡ ಅನರ್ಹತೆ. ಮಾತ್ರೆಯನ್ನು ಮುಚ್ಚಿಡಲು ಹೋಗಿ ಅದಕ್ಕಿಂತ ದೊಡ್ಡದನ್ನು ತಂದುಕೊಂಡಂತಾಗುತ್ತದೆ. ನೀವು ತೆಗೆದುಕೊಂಡ ಹತ್ತು ದಿನದ 0.25 ಮಿ.ಗ್ರಾಂ. ಸಣ್ಣ ಪ್ರಮಾಣ, ಅದರಿಂದ ಅವಲಂಬನೆಯ ಪ್ರಶ್ನೆ ಬರುವುದಿಲ್ಲ.

ಮತ್ತು ಈಗ, ತಯಾರಿಯ ನಡುವೆ, ಮತ್ತೆ ಮನಸ್ಸು ಭಾರವಾದರೆ? ಹೋಗಿ ಮಾತಾಡಿ. ಇದನ್ನು ಒತ್ತಿ ಹೇಳುತ್ತೇನೆ. ಸಮಾಲೋಚನೆಗೆ ಹೆದರಿ ಒಳಗೇ ಇಟ್ಟುಕೊಂಡ ಸಂಕಟ ಮುಂದೆ ಆಸ್ಪತ್ರೆಗೆ ದಾಖಲಾಗುವ ಮಟ್ಟಕ್ಕೋ ಕೈ ಕೊಯ್ದುಕೊಳ್ಳುವ ಮಟ್ಟಕ್ಕೋ ಹೋದರೆ, ಸೇನೆಯ ಬಾಗಿಲು ಆಗ ನಿಜವಾಗಿ ಮುಚ್ಚುತ್ತದೆ, ಅದಕ್ಕಿಂತ ಹೆಚ್ಚಾಗಿ ಜೀವಕ್ಕೇ ಅಪಾಯ. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸೇನೆ ಕೂಡ ಇದನ್ನು ಕೀಳಾಗಿ ನೋಡುತ್ತಿಲ್ಲ, ಯೋಧರಿಗೂ ಅವರ ಮನೆಯವರಿಗೂ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರಲ್ಲಿ ಟೆಲಿ-ಮಾನಸ್ ಘಟಕವನ್ನೇ ತೆರೆದಿದ್ದಾರೆ.

ಅಮ್ಮನಿಗೆ ಆ ಚೀಟಿಯನ್ನು ತೋರಿಸಿ, ಪ್ರಶ್ನಾರ್ಥಕ ಚಿಹ್ನೆಯ ಅರ್ಥವನ್ನು ನೀವೇ ಹೇಳಿ. ಸಾಧ್ಯವಾದರೆ ವೈದ್ಯರ ಬಳಿ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಆಗ ನೀವು ಹದಿನೇಳರವರು, ನಿದ್ದೆಯಿಲ್ಲದ ದಿನಗಳು ಎಷ್ಟಿದ್ದವು, ಯಾವ ವಾರದಿಂದ ಮತ್ತೆ ಓದಲು ಕೂತಿರಿ ಎಂಬುದು ನಿಮಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ವೈದ್ಯರು ಸರಿಯಾದ ನಿರ್ಣಯಕ್ಕೆ ಬರಲು ಆ ವಿವರ ಬೇಕು.